ಮಂಡೆಬಿಸಿಗೂ ಕಾಯಿಲೆಗೂ ನಡುವೆ

ಮನೋವಿಜ್ಞಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ಸಂಗತಿ ಎದ್ದು ಕಂಡಿತು. ಘಟ್ಟದ ಮೇಲಿನವರಿರಲಿ, ಕೆಳಗಿನವರಿರಲಿ, ಹೆಚ್ಚಿನವರು ಮೊಬೈಲಿನಲ್ಲೋ ತರಗತಿಯಲ್ಲೋ ಒಂದು ಇಂಗ್ಲಿಷ್ ಪದವನ್ನು ಕೇಳಿಸಿಕೊಂಡು, ಅದು ತಮ್ಮ ಮನೆಯ ಯಾರಿಗಾದರೂ ಅನ್ವಯಿಸುತ್ತದೆಯೇ ಎಂದು ವಿಚಾರಿಸಿದ್ದಾರೆ. ನಾನು ಮೂವತ್ತು ವರ್ಷ ಈ ಜಿಲ್ಲೆಯ ಕಾಲೇಜುಗಳಲ್ಲಿ ಮನೋವಿಜ್ಞಾನ ಕಲಿಸಿದವಳೇ ಹೊರತು ವೈದ್ಯಳಲ್ಲ. ವೈದ್ಯಳಾಗಿದ್ದರೂ ಪತ್ರ ನೋಡಿ ಕಾಯಿಲೆ ಹೇಳಲು ಬರುವುದಿಲ್ಲ. ಒಂದು ಪದದ ಅರ್ಥ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ, ಎಲ್ಲಿ ಅದನ್ನು ಬಳಸಬಾರದು ಎಂಬುದನ್ನಷ್ಟೇ ಹೇಳಬಲ್ಲೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪ್ರಶ್ನೆ: ನಾನು ಬಿ.ಕಾಂ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ತರಗತಿಯಲ್ಲಿ ಅಂಕ ಕಡಿಮೆ ಬಂದರೂ, ಗೆಳತಿ ಮಾತು ಬಿಟ್ಟರೂ ‘ಡಿಪ್ರೆಶನ್ ಆಗಿದೆ’ ಎನ್ನುವುದು ರೂಢಿಯಾಗಿದೆ. ಆದರೆ ನಮ್ಮ ಚಿಕ್ಕಪ್ಪ ಅಜ್ಜ ತೀರಿಹೋದ ಮೇಲೆ ಎಂಟು ತಿಂಗಳಿನಿಂದ ತೋಟಕ್ಕೆ ಇಳಿಯುತ್ತಿಲ್ಲ, ಆಟಕ್ಕೆ ಕರೆದರೂ ಬರುವುದಿಲ್ಲ. ಅವರನ್ನು ಮಾತ್ರ ಎಲ್ಲರೂ ಆಲಸಿ ಎನ್ನುತ್ತಾರೆ. ಡಿಪ್ರೆಶನ್ ಎಂದು ನಿಜವಾಗಿ ಯಾವುದಕ್ಕೆ ಹೇಳಬೇಕು? — ಕುಮಟಾದ ವಿದ್ಯಾರ್ಥಿನಿ

ಉತ್ತರ: ನಿಮ್ಮ ಪತ್ರದಲ್ಲಿಯೇ ಅರ್ಧ ಉತ್ತರವಿದೆ. ಪದವನ್ನು ಧಾರಾಳವಾಗಿ ಬಳಸುವ ಕಡೆ ಕಾಯಿಲೆ ಇಲ್ಲದಿರಬಹುದು. ಪದವೇ ಇಲ್ಲದ ಕಡೆ ಅದು ಎಂಟು ತಿಂಗಳಿನಿಂದ ಕುಳಿತಿರಬಹುದು. ಅಂಕ ಕಡಿಮೆ ಬಂದಾಗ ಆಗುವುದಕ್ಕೆ ಬೇಜಾರು, ನಿರಾಸೆ, ಮಂಡೆಬಿಸಿ ಎಂದು ನಮ್ಮಲ್ಲಿ ಬೇಕಾದಷ್ಟು ಪದಗಳಿವೆ. ಆ ಬೇಜಾರಿಗೆ ಕಾರಣ ಕಣ್ಣೆದುರಿಗಿರುತ್ತದೆ, ಗೆಳೆಯರು ಎಬ್ಬಿಸಿಕೊಂಡು ಸಮುದ್ರದ ಕಡೆ ಹೋದರೆ ಒಂದು ತಾಸಾದರೂ ಅದು ಹಗುರಾಗುತ್ತದೆ, ಮುಂದಿನ ವಾರಕ್ಕೆ ಅದರ ಜಾಗದಲ್ಲಿ ಬೇರೊಂದು ಬೇಜಾರು ಬಂದಿರುತ್ತದೆ.

ಖಿನ್ನತೆ ಹಾಗಲ್ಲ. ವೈದ್ಯರು ಸಾಮಾನ್ಯವಾಗಿ ನೋಡುವ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಅದಕ್ಕೆ ಒಂಬತ್ತು ಲಕ್ಷಣಗಳನ್ನು ಹೇಳಿದೆ. ಅವುಗಳಲ್ಲಿ ಕನಿಷ್ಠ 5 ಲಕ್ಷಣಗಳು ಕನಿಷ್ಠ 2 ವಾರ, ಹೆಚ್ಚುಕಡಿಮೆ ಪ್ರತಿದಿನವೂ ಇರಬೇಕು. ಆ ಐದರಲ್ಲಿ ಒಂದಂತೂ ದಿನದ ಬಹುಪಾಲು ಕುಗ್ಗಿದ ಮನಸ್ಸು ಅಥವಾ ಹಿಂದೆ ಇಷ್ಟವಿದ್ದ ಕೆಲಸಗಳಲ್ಲಿ ಆಸಕ್ತಿ ಆರಿಹೋಗುವುದು, ಇವೆರಡರಲ್ಲಿ ಯಾವುದಾದರೊಂದು ಆಗಿರಲೇಬೇಕು. ಉಳಿದವು ಹಸಿವು ಅಥವಾ ತೂಕದ ಏರುಪೇರು, ನಿದ್ರೆಯ ಏರುಪೇರು, ಎದ್ದು ಕಾಣುವಷ್ಟು ನಿಧಾನ ಅಥವಾ ಚಡಪಡಿಕೆ, ದಣಿವು, ತಾನು ಯಾವ ಕೆಲಸಕ್ಕೂ ಬಾರದವನೆಂಬ ಭಾವನೆ, ಗಮನ ನಿಲ್ಲದಿರುವುದು ಮತ್ತು ಸಾವಿನ ಯೋಚನೆ.

ಈ ಎರಡನೆಯ ಮುಖ್ಯ ಲಕ್ಷಣಕ್ಕೆ ನಮ್ಮ ಕಡೆ ಒಂದು ಒಳ್ಳೆಯ ಮಾತಿದೆ: ಉಮೇದು ಹೋಗುವುದು. ದುಃಖಪಡುವ ಮನುಷ್ಯನಿಗೆ ಕೆಲಸ ಮಾಡಲು ಮನಸ್ಸಿಲ್ಲದಿರಬಹುದು, ಆದರೆ ಮಗು ನಕ್ಕರೆ ಆತನ ಮುಖ ಅರಳುತ್ತದೆ. ಉಮೇದು ಹೋದವನಿಗೆ ಮಗುವಿನ ನಗುವೂ ತಾಗುವುದಿಲ್ಲ. ಆಲಸಿಯಾದವನು ಕೆಲಸ ತಪ್ಪಿಸಿಕೊಂಡು ಆಟಕ್ಕೆ ಹೋಗುತ್ತಾನೆ. ನಿಮ್ಮ ಚಿಕ್ಕಪ್ಪ ಕೆಲಸವನ್ನೂ ಬಿಟ್ಟಿದ್ದಾರೆ, ಆಟವನ್ನೂ ಬಿಟ್ಟಿದ್ದಾರೆ. ಆಲಸ್ಯ ಎಂಬ ಆರೋಪ ಇಲ್ಲಿ ನಿಲ್ಲುವುದಿಲ್ಲ.

ಇದು ಸಾವಿನ ದುಃಖವೇ ಇರಬಹುದಲ್ಲ ಎಂದು ನೀವು ಕೇಳಬಹುದು. ಅಗಲಿಕೆಯ ದುಃಖ ಸಾಮಾನ್ಯವಾಗಿ ತೆರೆಗಳಂತೆ ಬರುತ್ತದೆ: ಶ್ರಾದ್ಧದ ದಿನ, ಅಜ್ಜನ ಕಂಬಳಿ ಕಂಡ ದಿನ ಜೋರಾಗಿ ಬಂದು, ನಡುವೆ ಇಳಿಯುತ್ತದೆ. ಖಿನ್ನತೆಗೆ ಅಂಥ ಇಳಿತ ಕಡಿಮೆ. ಸಾವಿನ ನಂತರದ ಮೊದಲ ಎರಡು ತಿಂಗಳಲ್ಲಿ ಖಿನ್ನತೆ ಎಂದು ಹೇಳಬಾರದೆಂಬ ನಿಯಮ ಆ ಕೈಪಿಡಿಯಲ್ಲಿ ಮೊದಲು ಇತ್ತು. 2013ರ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು, ಏಕೆಂದರೆ ದುಃಖ ಮತ್ತು ಖಿನ್ನತೆ ಒಟ್ಟಿಗೆ ಇರಲು ಸಾಧ್ಯ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿಯಾದರೋ 6 ತಿಂಗಳು ಮೀರಿಯೂ ಬದುಕನ್ನು ನಿಲ್ಲಿಸಿಬಿಡುವ ಶೋಕವನ್ನು ಪ್ರತ್ಯೇಕ ಸಮಸ್ಯೆಯೆಂದೇ ಗುರುತಿಸುತ್ತದೆ. ಎಂಟು ತಿಂಗಳೆಂದರೆ ಎರಡೂ ಲೆಕ್ಕದಲ್ಲಿ ವೈದ್ಯರಿಗೆ ತೋರಿಸಬೇಕಾದ ಅವಧಿ. ಮೊದಲು ನಿಮ್ಮ ಊರಿನ ಡಾಕ್ಟರಲ್ಲಿಗೇ ಹೋಗಬಹುದು. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆಗಳೂ ಇದೇ ವೇಷದಲ್ಲಿ ಬರುವುದರಿಂದ ರಕ್ತಪರೀಕ್ಷೆ ಆಗಲಿ. ನಮ್ಮಲ್ಲಿ ಅನೇಕರು ‘ಬೇಸರ’ ಎಂದು ಹೇಳುವುದೇ ಇಲ್ಲ, ಸುಸ್ತು, ಮೈಕೈ ನೋವು, ಗ್ಯಾಸ್ ಎಂದಷ್ಟೇ ಹೇಳಿ ಗುಳಿಗೆ ತೆಗೆದುಕೊಂಡು ಬರುತ್ತಾರೆ. ಹಾಗಾಗದಂತೆ ಜೊತೆಗೆ ಹೋದವರು ತೋಟದ ಸಂಗತಿಯನ್ನೂ ಆಟದ ಸಂಗತಿಯನ್ನೂ ಹೇಳಬೇಕು.

ಇನ್ನೊಂದು ಮಾತು. ‘ಬದುಕುವುದು ಸಾಕೆನಿಸುತ್ತದೆಯೇ ಚಿಕ್ಕಪ್ಪ’ ಎಂದು ನೇರವಾಗಿ ಕೇಳಲು ಹಿಂಜರಿಯಬೇಡಿ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ನಂಬಿಕೆ ತಪ್ಪು. ಕೇಳಿದವರ ಮುಂದೆ ಮನುಷ್ಯ ಹಗುರಾಗುತ್ತಾನೆ. ಉತ್ತರ ‘ಹೌದು’ ಎಂದಾದರೆ ಅವರನ್ನು ಒಬ್ಬರೇ ಬಿಡದೆ ಅಂದೇ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ, ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರದ ದೂರವಾಣಿ ಸಹಾಯವಾಣಿ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಪ್ರಶ್ನೆ: ನಮ್ಮ ಅತ್ತೆಯವರಿಗೆ 62 ವರ್ಷ. ಮೊದಲಿನಿಂದಲೂ ಅವರಿಗೆ ಮಡಿ ಜಾಸ್ತಿ. ಎರಡು ವರ್ಷಗಳಿಂದ ಬಚ್ಚಲಿಗೆ ಹೋದರೆ ಒಂದೂವರೆ ತಾಸು ಹೊರಗೆ ಬರುವುದಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾರೆ, ಕೈಯ ಚರ್ಮ ಒಡೆದಿದೆ. ನಾನು ಒಲೆ ಮುಟ್ಟುವ ಮೊದಲು ಎಷ್ಟು ಸಲ ಕೈ ತೊಳೆದೆ ಎಂದು ಹೇಳದಿದ್ದರೆ ಅಳುತ್ತಾರೆ. ಮಾವನವರು ‘ಅದು ಮಡಿ, ನಿಮಗೆ ತಿಳಿಯುವುದಿಲ್ಲ’ ಎನ್ನುತ್ತಾರೆ. ನನ್ನ ಮಗಳು ‘ಅಜ್ಜಿಗೆ ಓಸಿಡಿ’ ಎನ್ನುತ್ತಾಳೆ. ಯಾರು ಸರಿ? — ಸಿದ್ದಾಪುರ ತಾಲೂಕಿನ ಗೃಹಿಣಿ

ಉತ್ತರ: ನಿಮ್ಮ ಮಗಳ ವಯಸ್ಸಿನವರು ಕಪಾಟಿನಲ್ಲಿ ಪುಸ್ತಕ ಓರಣವಾಗಿ ಇಡುವವರಿಗೂ ಓಸಿಡಿ ಎನ್ನುವುದರಿಂದ ನಾನು ಸಾಮಾನ್ಯವಾಗಿ ಮಾವನವರ ಪಕ್ಷ ವಹಿಸುತ್ತೇನೆ. ಈ ಸಲ ಮಾತ್ರ ಮಗಳ ಕಡೆಗೆ ವಾಲಬೇಕಾಗಿದೆ.

ಓಸಿಡಿಯಲ್ಲಿ ಎರಡು ಭಾಗಗಳಿವೆ. ಬೇಡವೆಂದರೂ ಮತ್ತೆ ಮತ್ತೆ ನುಗ್ಗಿ ಬರುವ ಯೋಚನೆ, ಚಿತ್ರ ಅಥವಾ ಸಂಶಯ ಮೊದಲನೆಯದು. ಅದನ್ನು ಕನ್ನಡದಲ್ಲಿ ಗೀಳು ಎನ್ನುತ್ತೇವೆ. ಆ ಯೋಚನೆ ತರುವ ಕಳವಳವನ್ನು ಇಳಿಸಿಕೊಳ್ಳಲು ಮಾಡಲೇಬೇಕೆನಿಸುವ ಕ್ರಿಯೆ ಎರಡನೆಯದು: ತೊಳೆಯುವುದು, ಎಣಿಸುವುದು, ಚಿಲಕ ಹಾಕಿದೆಯೇ ಎಂದು ಮತ್ತೆ ನೋಡುವುದು, ಯಾರನ್ನಾದರೂ ‘ಸರಿಯಾಗಿದೆಯಲ್ಲ’ ಎಂದು ಕೇಳುತ್ತಲೇ ಇರುವುದು. ಗೀಳು ಹಿಡಿದವರಿಗೆ ಆ ಯೋಚನೆ ಹೊರಗಿನಿಂದ ಬಂದದ್ದಲ್ಲ, ತನ್ನದೇ ಎಂದು ಗೊತ್ತಿರುತ್ತದೆ. ಅತಿಯಾಯಿತು ಎಂದೂ ಹೆಚ್ಚಿನವರಿಗೆ ಗೊತ್ತಿರುತ್ತದೆ. ಗೊತ್ತಿದ್ದೂ ಬಿಡಲಾಗದಿರುವುದೇ ಇದರ ಸಂಕಟ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ವೈದ್ಯರು ಇದನ್ನು ‘ಸಂಶಯದ ಹುಚ್ಚು’ ಎಂದು ಕರೆದಿದ್ದರು, ಅದು ಇಂದಿಗೂ ಒಪ್ಪುವ ಹೆಸರು.

ಮಡಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಡಿಗೆ ನಿಯಮವಿದೆ, ಆ ನಿಯಮ ಮನೆತನಕ್ಕೆಲ್ಲ ಗೊತ್ತಿರುತ್ತದೆ, ಮುಖ್ಯವಾಗಿ ಅದಕ್ಕೆ ಮುಕ್ತಾಯವಿದೆ. ಮಿಂದು, ಒಣಗಿದ ಮಡಿ ಸೀರೆ ಉಟ್ಟರೆ ಆಯಿತು. ಪೂಜೆ ನೈವೇದ್ಯ ಮುಗಿದು ಊಟವಾದ ಮೇಲೆ ಮಡಿಯೂ ಮುಗಿಯಿತು. ನನ್ನ ಅಜ್ಜಿ ಕಟ್ಟುನಿಟ್ಟಿನ ಮಡಿಯವಳು, ಆದರೆ ಎಷ್ಟು ಸಾಕು ಎಂಬುದರ ಬಗ್ಗೆ ಆಕೆಗೆ ಒಂದು ದಿನವೂ ಸಂಶಯ ಬಂದದ್ದಿಲ್ಲ. ಮಡಿ ಪಾಲಿಸಿದವರಿಗೆ ಸಮಾಧಾನ ಸಿಗುತ್ತದೆ, ಗೀಳಿಗೆ ‘ಸಾಕು’ ಎಂಬುದೇ ಇಲ್ಲ. ಇಂಥ ಯೋಚನೆ ಮತ್ತು ಕ್ರಿಯೆಗಳು ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದರೆ ಅಥವಾ ತೀವ್ರ ಸಂಕಟ ಕೊಡುತ್ತಿದ್ದರೆ ವೈದ್ಯರು ಅದನ್ನು ಕಾಯಿಲೆಯೆಂದು ಪರಿಗಣಿಸುತ್ತಾರೆ. ನಿಮ್ಮ ಅತ್ತೆಯವರ ಬಚ್ಚಲಿನ ಹೊತ್ತೊಂದೇ ಆ ಗೆರೆಯನ್ನು ದಾಟಿದೆ. ಕಾಯಿಲೆ ತನ್ನ ವಸ್ತುವನ್ನು ಊರಿನಿಂದಲೇ ಆರಿಸಿಕೊಳ್ಳುತ್ತದೆ ಎಂಬುದನ್ನೂ ಗಮನಿಸಿ. ಇದೇ ಕಾಯಿಲೆ ಇನ್ನೊಂದು ಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಸಂಶಯವಾಗಿ ಬರುತ್ತದೆ, ಈ ಮನೆಯಲ್ಲಿ ಮೈಲಿಗೆಯಾಗಿ ಬಂದಿದೆ.

ನಿಮಗೆ ಕಷ್ಟವೆನಿಸಬಹುದಾದ ಒಂದು ಸಂಗತಿ ಹೇಳಬೇಕು. ‘ಮೂರು ಸಲ ತೊಳೆದೆ ಅತ್ತೆ’ ಎಂದು ನೀವು ಕೊಡುವ ಉತ್ತರದಿಂದ ಅವರಿಗೆ ಐದು ನಿಮಿಷ ನೆಮ್ಮದಿ ಸಿಗುತ್ತದೆ, ಗೀಳಿಗೆ ಒಂದು ದಿನದ ಆಹಾರ ಸಿಗುತ್ತದೆ. ಪುರೋಹಿತ ಭಟ್ಟರಿಂದ ‘ಇಷ್ಟು ಸಾಕು’ ಎಂದು ಹೇಳಿಸಿದರೂ ಅಷ್ಟೇ. ನಾಳೆ ಸಂಶಯ ಬೇರೆ ಪಾತ್ರೆಗೆ ದಾಟುತ್ತದೆ. ಹಾಗೆಂದು ನಾಳೆಯಿಂದಲೇ ಉತ್ತರ ಕೊಡುವುದನ್ನು ನಿಲ್ಲಿಸಿದರೆ ಮನೆಯಲ್ಲಿ ಯುದ್ಧವಾಗುತ್ತದೆ. ತರಬೇತಾದ ಚಿಕಿತ್ಸಕರ ಜೊತೆ, ಅತ್ತೆಯವರ ಒಪ್ಪಿಗೆಯಿಂದ, ಸ್ವಲ್ಪಸ್ವಲ್ಪವಾಗಿ ಅದನ್ನು ಕಡಿಮೆ ಮಾಡಬೇಕು. ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನೋವಿಜ್ಞಾನಿ 1966ರಲ್ಲಿ ಇಂಥ ರೋಗಿಗಳಿಗೆ ‘ಕೊಳೆ’ ಎನಿಸಿದ್ದನ್ನು ಮುಟ್ಟಿಸಿ ತೊಳೆಯದೆ ಕೂರಿಸುವ ವಿಧಾನವನ್ನು ವರದಿ ಮಾಡಿದ. ಏರಿದ ಕಳವಳ ತೊಳೆಯದೆಯೂ ಇಳಿಯುತ್ತದೆಂಬುದನ್ನು ರೋಗಿ ಸ್ವತಃ ಅನುಭವಿಸಿ ಕಲಿಯುವುದು ಅದರ ತಿರುಳು, ಇಂದಿನ ಮುಖ್ಯ ಚಿಕಿತ್ಸೆಯೂ ಅದೇ. ಗುಳಿಗೆಗಳೂ ಇವೆ, ಅವುಗಳ ಪರಿಣಾಮ ಕಾಣಲು 8ರಿಂದ 12 ವಾರ ಹಿಡಿಯುವುದರಿಂದ ಹದಿನೈದು ದಿನಕ್ಕೆ ಗುಣವಿಲ್ಲವೆಂದು ಬಿಡಬಾರದು. ಓಸಿಡಿ ಸಾಮಾನ್ಯವಾಗಿ ಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಅರವತ್ತರಲ್ಲಿ ಹೊಸದಾಗಿ ಕಾಣಿಸಿಕೊಂಡರೆ ಮಿದುಳಿನ ಬೇರೆ ತೊಂದರೆಗಳೇನಾದರೂ ಇವೆಯೇ ಎಂದು ನೋಡಬೇಕಾಗುತ್ತದೆ, ಆದ್ದರಿಂದ ‘ಮೊದಲಿನಿಂದಲೂ’ ಇದ್ದದ್ದು ಎಷ್ಟು, ಎರಡು ವರ್ಷದಲ್ಲಿ ಬಂದದ್ದು ಎಷ್ಟು ಎಂಬುದನ್ನು ಮಾವನವರಿಂದ ಕೇಳಿಕೊಂಡು ಹೋಗಿ.

ಪ್ರಶ್ನೆ: ಬಿ.ಎಡ್. ಪಠ್ಯದಲ್ಲಿ ‘ಋಣ ಪುನರ್ಬಲನ’ ಎಂದಿದೆ. ಶಿಕ್ಷೆ ಎಂದರೂ ಅದೇ ತಾನೇ? — ಹೊನ್ನಾವರದ ಶಿಕ್ಷಕ

ಉತ್ತರ: ಅಲ್ಲ. ಆದರೆ ನೀವು ಸಂಕೋಚಪಡಬೇಕಾಗಿಲ್ಲ. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ನಾನೂ ಎರಡನ್ನೂ ಒಂದೇ ಎಂದು ಪಾಠ ಮಾಡಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ‘ಪುನರ್ಬಲನ ಎಂದರೆ ವರ್ತನೆ ಹೆಚ್ಚಾಗಬೇಕು, ಶಿಕ್ಷೆಯಿಂದ ಅದು ಕಡಿಮೆಯಾಗಬೇಕಲ್ಲವೇ ಮೇಡಂ’ ಎಂದು ಕೇಳಿದ ದಿನ ಗಂಟೆ ಬಾರಿಸಿ ನನ್ನನ್ನು ಉಳಿಸಿತು.

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಬಳಕೆಗೆ ತಂದ ಈ ಪದಗಳಲ್ಲಿ ಧನ ಎಂದರೆ ಒಳ್ಳೆಯದು, ಋಣ ಎಂದರೆ ಕೆಟ್ಟದ್ದು ಎಂಬ ಅರ್ಥವೇ ಇಲ್ಲ. ಧನ ಎಂದರೆ ಏನನ್ನೋ ಸೇರಿಸುವುದು, ಋಣ ಎಂದರೆ ಏನನ್ನೋ ತೆಗೆಯುವುದು. ಗಣಿತದ ಕೂಡು ಕಳೆ ಚಿಹ್ನೆಗಳಿದ್ದಂತೆ. ಯಾವ ವರ್ತನೆಯ ನಂತರ ಒಂದು ಕಿರಿಕಿರಿ ತೊಲಗುತ್ತದೆಯೋ ಆ ವರ್ತನೆ ಬಲಗೊಳ್ಳುತ್ತದೆ, ಅದೇ ಋಣ ಪುನರ್ಬಲನ. ಸೀಟ್ ಬೆಲ್ಟ್ ಹಾಕುವವರೆಗೆ ಕಾರು ಕಿರ್ರೆನ್ನುತ್ತದೆ, ಹಾಕಿದ ಕೂಡಲೇ ನಿಲ್ಲುತ್ತದೆ, ನಾಳೆ ನೀವು ಕುಳಿತ ತಕ್ಷಣ ಹಾಕುತ್ತೀರಿ. ಗಣಿತದ ಅವಧಿಗೆ ಸರಿಯಾಗಿ ಹೊಟ್ಟೆನೋವು ಎನ್ನುವ ಹುಡುಗನನ್ನು ಮನೆಗೆ ಕಳಿಸಿದಿರೆಂದರೆ ಅವನ ಪಾಲಿಗೆ ಗಣಿತ ತೊಲಗಿತು. ಮುಂದಿನ ವಾರ ಹೊಟ್ಟೆನೋವು ಮರಳಿ ಬರುತ್ತದೆ, ಮತ್ತು ಅದು ನಾಟಕವೇ ಆಗಿರಬೇಕಾಗಿಲ್ಲ. ಸಿದ್ದಾಪುರದ ಅತ್ತೆಯವರ ಕೈ ತೊಳೆಯುವಿಕೆಯೂ ಇದರಿಂದಲೇ ಗಟ್ಟಿಯಾಗಿದೆ: ತೊಳೆದರೆ ಕಳವಳ ಇಳಿಯುತ್ತದೆ, ಇಳಿದದ್ದಕ್ಕೇ ಮತ್ತೆ ತೊಳೆಯಬೇಕೆನಿಸುತ್ತದೆ.

ಶಿಕ್ಷೆಯ ಉದ್ದೇಶ ವರ್ತನೆಯನ್ನು ಕಡಿಮೆ ಮಾಡುವುದು. ಅದು ಏನು ಮಾಡಬಾರದೆಂದು ಹೇಳುತ್ತದೆ, ಏನು ಮಾಡಬೇಕೆಂದು ಹೇಳುವುದಿಲ್ಲ; ಹೊಡೆಯುವ ಮಾಸ್ತರರು ರಜೆಯಲ್ಲಿದ್ದರೆ ಹಳೆಯ ವರ್ತನೆ ಹಾಜರಾಗುವುದು ಇದೇ ಕಾರಣಕ್ಕೆ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ನಿಷೇಧಿಸಿದೆ ಎಂಬುದು ಪರೀಕ್ಷೆಗೂ ಬರಬಹುದು, ನೌಕರಿಗೂ ಬೇಕಾಗಬಹುದು.

ಪ್ರಶ್ನೆ: ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಕೌನ್ಸೆಲರ್ ಇವರಲ್ಲಿ ಯಾರ ಹತ್ತಿರ ಹೋಗಬೇಕು? — ಭಟ್ಕಳದ ಓದುಗರು

ಉತ್ತರ: ಸೈಕಿಯಾಟ್ರಿಸ್ಟ್ ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದ ವೈದ್ಯರು, ಔಷಧ ಬರೆದುಕೊಡುವವರು. ಚಿಕಿತ್ಸಾ ಮನೋವಿಜ್ಞಾನಿಗಳು ಮಾತು ಮತ್ತು ವರ್ತನೆಯ ಚಿಕಿತ್ಸೆಯಲ್ಲಿ, ಪರೀಕ್ಷೆಗಳಲ್ಲಿ ತರಬೇತಾದವರು. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು, ನೋಂದಣಿ ಸಂಖ್ಯೆ ಕೇಳುವುದರಲ್ಲಿ ಅವಮರ್ಯಾದೆಯೇನೂ ಇಲ್ಲ. ಕೌನ್ಸೆಲರ್ ಎಂಬ ಫಲಕವನ್ನು ಬಹಳ ಬೇರೆಬೇರೆ ಅರ್ಹತೆಯವರು ಹಾಕಿಕೊಳ್ಳುತ್ತಾರೆ, ಆದ್ದರಿಂದ ಅಲ್ಲಿ ಹೆಚ್ಚು ವಿಚಾರಿಸಿ. ನಿದ್ರೆ, ಊಟ, ಕೆಲಸ ಕೆಟ್ಟಿದ್ದರೆ ಮೊದಲು ಮನೋವೈದ್ಯರು. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು, ಘಟ್ಟದ ಮೇಲಿನವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಹಳೆಯ ಕುಚೋದ್ಯದಿಂದಾಗಿ ಆ ಬಸ್ಸು ಹತ್ತಲು ನಾಚುವವರನ್ನು ನಾನು ಕಂಡಿದ್ದೇನೆ. ಆ ಕುಚೋದ್ಯಕ್ಕೆ ವಯಸ್ಸಾಗಿದೆ, ಬಿಟ್ಟುಬಿಡೋಣ.

ಪ್ರಶ್ನೆ: ನಾವು ಮಿದುಳಿನ ಶೇ. 10 ಭಾಗವನ್ನು ಮಾತ್ರ ಬಳಸುತ್ತೇವೆ, ಸಬ್‌ಕಾನ್ಶಿಯಸ್ ಮನಸ್ಸನ್ನು ಎಚ್ಚರಿಸಿದರೆ ಉಳಿದದ್ದು ಸಿಗುತ್ತದೆ ಎಂದು ಶಿಬಿರವೊಂದರಲ್ಲಿ ಹೇಳಿದರು. ಶುಲ್ಕ ಎಂಟು ಸಾವಿರ. ಸೇರಬಹುದೇ? — ಕಾರವಾರದ ಯುವಕ

ಉತ್ತರ: ಎಂಟು ಸಾವಿರ ನಿಮ್ಮಲ್ಲೇ ಇರಲಿ. ಶೇಕಡಾ ಹತ್ತರ ಮಾತಿಗೆ ಆಧಾರವಿಲ್ಲ; ಮಿದುಳಿನ ಚಿತ್ರಣಗಳಲ್ಲಿ ನಿದ್ರೆಯ ಹೊತ್ತಿನಲ್ಲಿಯೂ ಸುಮ್ಮನೆ ಬಿದ್ದಿರುವ ದೊಡ್ಡ ಪ್ರದೇಶ ಯಾವುದೂ ಕಾಣುವುದಿಲ್ಲ. ಮೈತೂಕದ ಶೇ. 2ರಷ್ಟಿರುವ ಮಿದುಳು ದೇಹದ ಶಕ್ತಿಯ ಸುಮಾರು ಶೇ. 20ನ್ನು ಉಣ್ಣುತ್ತದೆ. ಇಷ್ಟು ದುಬಾರಿಯ ಅಂಗದ ಹತ್ತರಲ್ಲಿ ಒಂಬತ್ತು ಪಾಲನ್ನು ಪ್ರಕೃತಿ ಖಾಲಿ ಇಟ್ಟುಕೊಳ್ಳುವುದಿಲ್ಲ.

ಸಬ್‌ಕಾನ್ಶಿಯಸ್ ಎಂಬುದನ್ನು ಎಲ್ಲರೂ ಮನೋವಿಶ್ಲೇಷಣೆಯನ್ನು ಆರಂಭಿಸಿದ ಫ್ರಾಯ್ಡ್ ಹೆಸರಿಗೆ ಬರೆಯುತ್ತಾರೆ, ಆದರೆ ಆತ ಆ ಪದವನ್ನು ಒಪ್ಪುತ್ತಿರಲಿಲ್ಲ. ಅದನ್ನು ಬಳಸಿದವನು ಫ್ರಾನ್ಸಿನ ಪಿಯೇರ್ ಜಾನೆ. ಫ್ರಾಯ್ಡ್ ಹೇಳಿದ್ದು ಅಪ್ರಜ್ಞೆ, ಎಂದರೆ ಮನಸ್ಸು ಒಳಗೆ ಒತ್ತಿಟ್ಟು ಮೇಲೆ ಬರಗೊಡದಿರುವುದು. ಇಂದಿನ ಮನೋವಿಜ್ಞಾನಿಗಳು ಇದರಲ್ಲಿ ಬಹುಪಾಲನ್ನು ಒಪ್ಪುವುದಿಲ್ಲ, ಆದರೆ ಅರಿವಿಗೆ ಬಾರದೆ ನಡೆಯುವ ಕೆಲಸ ಬಹಳವಿದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರು ಊರಿನ ಸುದ್ದಿಯನ್ನೆಲ್ಲ ಮಾತಾಡುತ್ತಾರೆ, ಬೆರಳು ಒಮ್ಮೆಯೂ ತಪ್ಪುವುದಿಲ್ಲ. ಹೇಗೆ ಸುಲಿಯುತ್ತೀರಿ ಎಂದು ಕೇಳಿದರೆ ಹೇಳಲು ತಡವರಿಸುತ್ತಾರೆ. ಆ ಕೌಶಲ ಅವರ ಕೈಗೆ ಬಂದದ್ದು ಎಷ್ಟೋ ಹಂಗಾಮುಗಳ ಅಭ್ಯಾಸದಿಂದ, ಎರಡು ದಿನದ ಶಿಬಿರದಿಂದಲ್ಲ.

ಪ್ರಶ್ನೆ: ಸ್ಕಿಜೋಫ್ರೀನಿಯಾ ಎಂದರೆ ಒಬ್ಬರೊಳಗೆ ಇಬ್ಬರು ಇರುವುದೇ? ನಮ್ಮೂರಿನ ಹಬ್ಬದಲ್ಲಿ ಒಬ್ಬರ ಮೈಮೇಲೆ ದೇವಿ ಬರುತ್ತಾಳೆ, ಅದೂ ಇದೇ ಎಂದು ನನ್ನ ತಮ್ಮ ವಾದಿಸುತ್ತಾನೆ. ನೆರೆಮನೆಯ ಹುಡುಗನೊಬ್ಬ ಆರು ತಿಂಗಳಿನಿಂದ ಒಬ್ಬನೇ ಮಾತಾಡಿಕೊಳ್ಳುತ್ತಾನೆ, ಅವನ ಮನೆಯವರೂ ದೇವರಲ್ಲಿಯೇ ಕೇಳಿಸುತ್ತಿದ್ದಾರೆ. — ಶಿರಸಿಯ ಓದುಗರು

ಉತ್ತರ: ಇಲ್ಲಿ ಮೂರು ಬೇರೆಬೇರೆ ಸಂಗತಿಗಳು ಒಂದೇ ಚೀಲದಲ್ಲಿವೆ. ಗೊಂದಲಕ್ಕೆ ಹೆಸರೇ ಕಾರಣ. ಸ್ವಿಟ್ಜರ್ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಗ್ರೀಕಿನ ‘ಸೀಳು’ ಮತ್ತು ‘ಮನಸ್ಸು’ ಎಂಬ ಪದಗಳನ್ನು ಕೂಡಿಸಿ ಈ ಹೆಸರಿಟ್ಟ. ಆತ ಹೇಳಬಯಸಿದ್ದು ಯೋಚನೆ, ಭಾವನೆ, ನಡವಳಿಕೆಗಳ ನಡುವಿನ ಹೊಂದಾಣಿಕೆ ಬಿರಿಯುತ್ತದೆಂದು, ಮನುಷ್ಯ ಇಬ್ಬರಾಗುತ್ತಾನೆಂದಲ್ಲ. ಈ ಕಾಯಿಲೆಯಲ್ಲಿ ಯಾರೂ ಇಲ್ಲದೆ ದನಿಗಳು ಕೇಳುತ್ತವೆ, ಎಲ್ಲರೂ ಸೇರಿ ತನಗೆ ವಿಷವಿಡುತ್ತಿದ್ದಾರೆ ಎಂಬಂಥ ಅಲುಗಾಡದ ಸುಳ್ಳು ನಂಬಿಕೆಗಳು ಬೆಳೆಯುತ್ತವೆ, ಮಾತು ಹಳಿತಪ್ಪುತ್ತದೆ, ನಿಧಾನವಾಗಿ ಸ್ನಾನ ಮಾತುಕತೆ ಎಲ್ಲವೂ ಬೇಡವಾಗುತ್ತವೆ. ಒಬ್ಬರಲ್ಲಿ ಹಲವು ವ್ಯಕ್ತಿತ್ವಗಳು ಕಾಣಿಸುವುದು ತೀರಾ ಅಪರೂಪದ ಬೇರೆಯೇ ಸಮಸ್ಯೆ; ಸಿನಿಮಾಗಳಿಗೆ ಅದು ಅಚ್ಚುಮೆಚ್ಚು, ಅಷ್ಟೆ.

ಮೈಮೇಲೆ ಬರುವುದು ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಈ ವಿಷಯದಲ್ಲಿ ನಿಮ್ಮ ತಮ್ಮನಿಗಿಂತ ಹೆಚ್ಚು ಎಚ್ಚರದಿಂದಿದೆ. ಹಬ್ಬದಲ್ಲಿ, ವಾದ್ಯದ ನಡುವೆ, ಊರು ಒಪ್ಪಿದ ಆಚರಣೆಯ ಭಾಗವಾಗಿ ಬಂದು ಮಂಗಳಾರತಿಯೊಂದಿಗೆ ಇಳಿಯುವ ಆವೇಶವನ್ನು ಅದು ಕಾಯಿಲೆ ಎನ್ನುವುದಿಲ್ಲ. ಬೇಡವಾದಾಗಲೂ, ಎಲ್ಲೆಂದರಲ್ಲಿ ಬಂದು, ವ್ಯಕ್ತಿಗೆ ಸಂಕಟ ತಂದು ಬದುಕು ಕೆಡಿಸಿದರೆ ಮಾತ್ರ ಕಾಯಿಲೆ ಎನ್ನುತ್ತದೆ. ಹಬ್ಬದ ಮರುದಿನ ಆ ವ್ಯಕ್ತಿ ಎದ್ದು ಕೊಟ್ಟಿಗೆ ಕೆಲಸಕ್ಕೆ ಹೋಗುತ್ತಾರೆಯೇ ಎಂದು ತಮ್ಮನನ್ನು ಕೇಳಿ.

ನೆರೆಮನೆಯ ಹುಡುಗನಿಗೆ ಹಬ್ಬವೂ ಇಲ್ಲ, ಮರುದಿನವೂ ಇಲ್ಲ. ಆರು ತಿಂಗಳು ತಡವೇ ಆಯಿತು. ಚಿಕಿತ್ಸೆಯಿಲ್ಲದೆ ಕಳೆದ ಅವಧಿ ಉದ್ದವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ. ಮನೆಯವರೊಂದಿಗೆ ದೇವರ ವಿಷಯದಲ್ಲಿ ವಾದಕ್ಕಿಳಿಯಬೇಡಿ. ಹರಕೆಯೂ ಇರಲಿ, ಗುಳಿಗೆಯೂ ಇರಲಿ ಎಂದರೆ ಕೇಳುವವರಿದ್ದಾರೆ. ಆದರೆ ಕಟ್ಟಿಹಾಕುವ ಮಾತು ಬಂದರೆ ಅಡ್ಡ ನಿಲ್ಲಿ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯಿದೆ ಯಾವ ರೂಪದಲ್ಲಿಯೂ ಸರಪಳಿ ಹಾಕಬಾರದೆಂದು ಹೇಳುತ್ತದೆ. ಈ ಕಾಯಿಲೆಯವರು ಅಪಾಯಕಾರಿಗಳೆಂಬ ಭಯಕ್ಕೂ ಹೆಚ್ಚಿನ ಆಧಾರವಿಲ್ಲ; ಅವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು.

ಪ್ರಶ್ನೆ: ಇಂಟ್ರೊವರ್ಟ್ ಎಂದರೆ ನಾಚಿಕೆ ಸ್ವಭಾವವೇ? — ಯಲ್ಲಾಪುರದ ಓದುಗರು

ಉತ್ತರ: ಅಲ್ಲ. ಅಂತರ್ಮುಖಿ, ಬಹಿರ್ಮುಖಿ ಎಂಬ ಜೋಡಿಯನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಸಿದ್ಧಗೊಳಿಸಿದ. ಮದುವೆಮನೆಯಲ್ಲಿ ಎಲ್ಲರ ಜೊತೆ ಚೆನ್ನಾಗಿ ಮಾತಾಡಿ, ಮನೆಗೆ ಬಂದು ಒಬ್ಬನೇ ಕುಳಿತಾಗ ‘ಅಬ್ಬ’ ಎನ್ನುವವನು ಅಂತರ್ಮುಖಿ; ಮಾತಾಡಬೇಕೆಂಬ ಆಸೆಯಿದ್ದೂ ಹೆದರಿ ಅಡುಗೆಯವರ ಹಿಂದೆ ನಿಲ್ಲುವವನು ನಾಚಿಕೆಯವನು. ಎರಡೂ ಕಾಯಿಲೆಗಳಲ್ಲ, ಮತ್ತು ನಮ್ಮಲ್ಲಿ ಹೆಚ್ಚಿನವರು ಎರಡು ತುದಿಗಳ ನಡುವೆ ಎಲ್ಲೋ ಇದ್ದೇವೆ.

ಪ್ರಶ್ನೆ: ನಮ್ಮ ಯಜಮಾನರು ಲಾರಿ ಚಾಲಕರು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ದಿನ ಅವರು ಸ್ವಲ್ಪ ಹೊತ್ತಿನ ಮೊದಲಷ್ಟೇ ಅಲ್ಲಿ ಚಹಾ ಕುಡಿದು ಹೊರಟಿದ್ದರು. ಈಗಲೂ ಜೋರು ಮಳೆ ಬಂದರೆ ರಾತ್ರಿ ಎದ್ದು ಕೂರುತ್ತಾರೆ, ಬೆವರುತ್ತಾರೆ. ಕುಮಟೆಗೆ ಹೋಗಬೇಕಾದರೂ ಯಲ್ಲಾಪುರ, ಶಿರಸಿ ಸುತ್ತಿ ಹೋಗುತ್ತಾರೆ, ಡೀಸೆಲ್ ಖರ್ಚು ಮೈಮೇಲೆ ಬೀಳುತ್ತಿದೆ. ಮನೆಯಲ್ಲಿ ಎಲ್ಲರೂ ‘ನಿನಗೇನೂ ಆಗಲಿಲ್ಲವಲ್ಲ’ ಎನ್ನುತ್ತಾರೆ. ಇದು ಟ್ರಾಮಾ ಎಂದು ಒಬ್ಬರು ಹೇಳಿದರು. — ಅಂಕೋಲಾ ತಾಲೂಕಿನಿಂದ

ಉತ್ತರ: ಟ್ರಾಮಾ ಎಂದರೆ ಗ್ರೀಕಿನಲ್ಲಿ ಗಾಯ. ಬಸ್ಸು ತಪ್ಪಿದ್ದಕ್ಕೂ ಈಗ ಆ ಪದ ಬಳಸುತ್ತಾರೆ, ಆದರೆ ಶಾಸ್ತ್ರದಲ್ಲಿ ಅದು ಸಾವು, ತೀವ್ರ ಗಾಯ ಅಥವಾ ಲೈಂಗಿಕ ಹಿಂಸೆಯಂಥದ್ದನ್ನು ಎದುರಿಸಿದವರಿಗೆ, ಕಣ್ಣಾರೆ ಕಂಡವರಿಗೆ ಮೀಸಲು. ಕೂದಲೆಳೆಯಲ್ಲಿ ಪಾರಾದವರೂ ಇದರಲ್ಲಿ ಸೇರಬಹುದು. ಗಾಯ ಮೈಮೇಲಿಲ್ಲ ಎಂಬ ಕಾರಣಕ್ಕೆ ಇಂಥವರನ್ನು ಹೇಡಿಗಳೆಂದು ಕರೆಯುವುದು ಹಳೆಯ ತಪ್ಪು. ಮೊದಲ ಮಹಾಯುದ್ಧದ ಸೈನಿಕರಲ್ಲಿ ಇದನ್ನು ಕಂಡ ಬ್ರಿಟನ್ನಿನ ವೈದ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ಬರೆದ. ಈಗ ಎಲ್ಲರೂ ಹೇಳುವ ಪಿಟಿಎಸ್‌ಡಿ, ಎಂದರೆ ಆಘಾತದ ನಂತರ ಉಳಿಯುವ ಮನಸ್ಸಿನ ಕಾಯಿಲೆ, ಎಂಬ ಹೆಸರು ಅಮೆರಿಕದ ಆ ಕೈಪಿಡಿ ಸೇರಿದ್ದು 1980ರಲ್ಲಿ.

ಇಂಥ ಘಟನೆಯ ನಂತರ ಕೆಲವು ವಾರ ನಿದ್ರೆ ಕೆಡುವುದು, ಬೆಚ್ಚಿಬೀಳುವುದು ಸಹಜ, ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಮೀರಿಯೂ ಮೂರು ಸಂಗತಿಗಳು ಉಳಿದರೆ ಕಾಯಿಲೆಯೆಂದು ಯೋಚಿಸಬೇಕಾಗುತ್ತದೆ: ಘಟನೆ ಈಗಲೇ ನಡೆಯುತ್ತಿದೆ ಎಂಬಂತೆ ಮರುಕಳಿಸುವುದು, ಅದನ್ನು ನೆನಪಿಸುವ ಜಾಗ ಮತ್ತು ಮಾತನ್ನು ತಪ್ಪಿಸುವುದು, ಸದಾ ಅಪಾಯ ಕಾದಿದೆ ಎಂಬ ಕಟ್ಟೆಚ್ಚರ. ನಿಮ್ಮ ಪತ್ರದಲ್ಲಿ ಎರಡನೆಯದು ಕಿಲೋಮೀಟರ್ ಲೆಕ್ಕದಲ್ಲಿಯೇ ಇದೆ.

ಮಳೆಯ ಸದ್ದಿಗೆ ಬೆವರುವುದು ಏಕೆಂಬುದನ್ನು ರಷ್ಯಾದ ಇವಾನ್ ಪಾವ್ಲೋವ್ ನಾಯಿಗಳಲ್ಲಿ ತೋರಿಸಿದ ಕಲಿಕೆಯಿಂದ ತಿಳಿಯಬಹುದು. ಊಟದ ಜೊತೆ ಮತ್ತೆ ಮತ್ತೆ ಬಂದ ಸದ್ದು ಕೊನೆಗೆ ಊಟವಿಲ್ಲದೆಯೂ ನಾಯಿಯ ಬಾಯಲ್ಲಿ ನೀರೂರಿಸಿತು; ಸಾವಿನ ಭಯವಾದರೋ ಅಂಥ ಜೋಡಣೆಗೆ ಒಮ್ಮೆ ಸಾಕು. ಸುತ್ತುದಾರಿ ಹಿಡಿದಾಗಲೆಲ್ಲ ಅವರಿಗೆ ನೆಮ್ಮದಿಯಾಗುತ್ತದೆ, ಆ ನೆಮ್ಮದಿಯೇ ಸುತ್ತುದಾರಿಯನ್ನು ಗಟ್ಟಿಮಾಡುತ್ತದೆ. ಹೊನ್ನಾವರದ ಮಾಸ್ತರರಿಗೆ ಹೇಳಿದ ಋಣ ಪುನರ್ಬಲನ ಇಲ್ಲಿಯೂ ಕೆಲಸ ಮಾಡುತ್ತಿದೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಜುಲೈ ತಿಂಗಳಲ್ಲಿ ರೆಡ್ ಅಲರ್ಟ್ ಇದ್ದ ದಿನ ಆ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಲು ಹೆದರುವುದು ಕಾಯಿಲೆಯಲ್ಲ, ಬುದ್ಧಿವಂತಿಕೆ. ಅದನ್ನು ಯಾವ ಚಿಕಿತ್ಸೆಯೂ ತೆಗೆಯಬಾರದು. ಜನವರಿಯ ಬಿಸಿಲಿನಲ್ಲಿಯೂ ಅದೇ ಭಯ ಬಂದರೆ ಚಿಕಿತ್ಸೆ ಬೇಕು. ಚಿಕಿತ್ಸಕರ ಜೊತೆ ಸುರಕ್ಷಿತವಾಗಿ ಕುಳಿತು ಆ ದಿನವನ್ನು ಹಂತಹಂತವಾಗಿ ಹೇಳಿಕೊಳ್ಳುವುದು, ತಪ್ಪಿಸಿಕೊಂಡ ಜಾಗಕ್ಕೆ ನಿಧಾನವಾಗಿ ಮರಳುವುದು ಅದರ ಕ್ರಮ. ಕೆಲವು ಗುಳಿಗೆಗಳೂ ನೆರವಾಗುತ್ತವೆ. ರಾತ್ರಿಯ ನಿದ್ರೆಗೆಂದು ಸೆರೆ ಕುಡಿಯುವುದು, ಅಂಗಡಿಯಿಂದ ನಿದ್ರೆಗುಳಿಗೆ ತಂದುಕೊಳ್ಳುವುದು ಎರಡೂ ಬೇಡ. ಲಾರಿ ಓಡಿಸುವವರಿಗಂತೂ ಖಂಡಿತ ಬೇಡ.

ಮನೆಯಲ್ಲಿ ಅವರನ್ನು ಆ ದಿನದ ಕತೆ ಹೇಳೆಂದು ಒತ್ತಾಯಿಸಬೇಡಿ, ಹೇಳಲು ಹೊರಟರೆ ತಡೆಯಲೂ ಬೇಡಿ. ವೈದ್ಯರಲ್ಲಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ವಾರಕ್ಕೆ ಎಷ್ಟು ರಾತ್ರಿ ಎದ್ದು ಕೂರುತ್ತಾರೆ, ತಿಂಗಳಿಗೆ ಎಷ್ಟು ಬಾಡಿಗೆ ಬಿಟ್ಟಿದ್ದಾರೆ, ಕೊನೆಯ ಸಲ ಶಿರೂರಿನ ರಸ್ತೆಯಲ್ಲಿ ಹೋದದ್ದು ಯಾವಾಗ. ಡಾಕ್ಟರ ಎದುರು ಕುಳಿತಾಗ ಅವರು ಬಹುಶಃ ‘ಏನಿಲ್ಲ, ಸ್ವಲ್ಪ ನಿದ್ರೆ ಕಡಿಮೆ’ ಎಂದಷ್ಟೇ ಹೇಳುತ್ತಾರೆ. ಆಗ ಆ ಚೀಟಿಯನ್ನು ನೀವು ಮುಂದಿಡಿ.